ನಾನು ಮೆಚ್ಚಿದ ಕರಿಯ ತಟ್ಟೆಗಳು

ಗ್ರಂಥಗಳ ವಿಷಯದಲ್ಲಿ ನಮ್ಮ ವಿದ್ಯಾವಂತರಿಗೆ ಒಂದು ಬಗೆಯ ಅಭಿಮಾನವುಂಟು. ತಮಗೆ ಪ್ರಿಯವಾದ ಪುಸ್ತಕವಾವುದೆಂದು ಕೇಳಿದರೆ ಯಾವ ಗೃಹಸ್ಥರಾದರೂ ಕೂಡಲೆ ಎದ್ದು ಕಪಾಟಿನಿಂದ ಕುಮಾರವ್ಯಾಸನನ್ನೋ ಬಸವಣ್ಣನವರ ವಚನಗಳನ್ನೋ ತೆಗೆದು ಮುಂದಿಡುವರು. ಆದರೆ ತಮಗೆ ಪ್ರಿಯವಾದ ಧ್ವನಿಮುದ್ರಿಕೆಯಾವುದೆಂದು ಕೇಳಿದರೆ ಅದೇ ಗೃಹಸ್ಥರು ನಕ್ಕುಬಿಡುವರು. ಅದು ಹೊತ್ತು ಕಳೆಯುವ ಸಾಧನ; ಅದರಲ್ಲಿ ಪ್ರಿಯವೇನು, ಅಪ್ರಿಯವೇನು ಎಂಬುದು ಅವರ ಭಾವ. ಈಗಂತೂ ಜೇಬಿನೊಳಗಿನ ದೂರವಾಣಿಯಲ್ಲಿಯೇ ಲಕ್ಷಾವಧಿ ಹಾಡುಗಳು ದೊರೆಯುತ್ತಿರುವುದರಿಂದ, ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿರುವ ಹಳೆಯ ತಟ್ಟೆಗಳನ್ನು ಕೇಳುವವರೇ ಇಲ್ಲ. ಮನೆ ಬದಲಾಯಿಸುವಾಗ ಅವು ಹಳೆಯ ಕಬ್ಬಿಣದೊಡನೆ ತೂಕಕ್ಕೆ ಹೋಗುತ್ತವೆ. ಹಾಗೆ ಹೋಗುತ್ತಿರುವುದು ಏನೆಂಬುದನ್ನು, ನಾನು ಮೆಚ್ಚಿಕೊಂಡಿರುವ ನಾಲ್ಕಾರು ಮುದ್ರಿಕೆಗಳ ನೆಪದಿಂದ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಪರಿಚಯ. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ, ಹತ್ತು ಅಂಗುಲ ಅಗಲದ ಈ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಾಡುತ್ತದೆ. ಹನ್ನೆರಡು ಅಂಗುಲದ್ದಾದರೆ ನಾಲ್ಕು ನಿಮಿಷಗಳ ಮೇಲೆ. ಅದನ್ನು ಮಾಡುವುದು ಅರಗು, ಕಲ್ಲಿನ ಪುಡಿ, ಕರಿಮಸಿ ಇವುಗಳ ಮಿಶ್ರಣದಿಂದ. ಆ ಅರಗು ಬಹುಮಟ್ಟಿಗೆ ನಮ್ಮ ದೇಶದ್ದೇ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ, ಕುಸುಮ ಮೊದಲಾದ ಗಿಡಗಳ ಮೇಲೆ ಸಣ್ಣ ಹುಳುಗಳು ಕಟ್ಟಿದ ಅರಗು ಹಡಗೇರಿ ಜಗತ್ತಿಗೆಲ್ಲ ಹೋಗುತ್ತಿತ್ತು. 1902ರಲ್ಲಿ ಗ್ರಾಮಾಫೋನ್ ಕಂಪನಿಯವರು ಕಲ್ಕತ್ತೆಯಲ್ಲಿ ಮೊದಲ ಬಾರಿಗೆ ನಮ್ಮ ಗಾಯಕರ ಧ್ವನಿಯನ್ನು ಮುದ್ರಿಸಿಕೊಂಡಾಗ, ಅಚ್ಚು ಹಾಕುವ ಕೆಲಸ ನಡೆದುದು ಜರ್ಮನಿಯ ಹ್ಯಾನೋವರಿನಲ್ಲಿ. ನಮ್ಮ ಅರಗು, ನಮ್ಮ ಕಂಠ, ಅವರ ಯಂತ್ರ. ತಟ್ಟೆ ಮಾತ್ರ ಸಮುದ್ರ ದಾಟಿ ಬಂದು ನಮಗೇ ಮಾರಾಟವಾಗುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಹದಲ್ಲಿ ಕಾರ್ಖಾನೆ ಏರ್ಪಟ್ಟ ಬಳಿಕ ಈ ಪರದೇಶ ಪ್ರಯಾಣ ತಪ್ಪಿತು. ಹತ್ತಿಯನ್ನು ಕಳುಹಿಸಿ ಬಟ್ಟೆಯನ್ನು ಕೊಳ್ಳುತ್ತಿದ್ದ ಕಥೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನ ಸಂಗ್ರಹದಲ್ಲಿ ಮೊದಲ ಸ್ಥಾನವು ಖಾನ್‌ಸಾಹೇಬ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಗೆ. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದ ಈ ಮಹಾಗಾಯಕರು ಮೀರಜಿನಲ್ಲಿ ನೆಲೆಸಿ, ಹುಬ್ಬಳ್ಳಿ ಧಾರವಾಡಗಳಲ್ಲಿ ಹಾಡಿ, ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದು, ಕರ್ಣಾಟಕ ಪದ್ಧತಿಯ ಸ್ವರ ವಿನ್ಯಾಸವನ್ನು ತಮ್ಮದನ್ನಾಗಿ ಮಾಡಿಕೊಂಡವರು. ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಸಹ ಅವರು ತಟ್ಟೆಗೆ ಹಾಡಿರುವರು. ಕೃತಿಯ ಉಚ್ಚಾರಣೆಯನ್ನು ಕುರಿತು ನಮ್ಮ ದಕ್ಷಿಣದ ವಿದ್ವಾಂಸರು ಹುಬ್ಬು ಗಂಟಿಕ್ಕಬಹುದು. ಸ್ವರಸ್ಥಾನವನ್ನು ಕುರಿತು ಯಾರೂ ಬಾಯೆತ್ತಲಾರರು. 1937ರ ಅಕ್ಟೋಬರ್ 27ರಂದು, ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರು ದೇಹ ಬಿಟ್ಟರು.

ಝಿಂಝೋಟಿಯ ತಟ್ಟೆ ನನಗೇಕೆ ಪ್ರಿಯವೆಂದರೆ, ಅದರಲ್ಲಿ ಕಂಠವು ಎಲ್ಲಿಯೂ ಬಲವನ್ನು ಪ್ರದರ್ಶಿಸುವುದಿಲ್ಲ. ಸಣ್ಣದಾದ, ತುಸು ಅಳುಕಿದಂತೆ ತೋರುವ ಧ್ವನಿ ಒಂದು ಸ್ವರವನ್ನು ಹಿಡಿದು ನಿಲ್ಲುತ್ತದೆ, ನಿಂತಲ್ಲಿಯೇ ಕರಗುತ್ತದೆ. ವಿರಹದ ಮಾತನ್ನು ಕೂಗಿ ಹೇಳುವವರನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇಲ್ಲಿ ಹಾಡುವಾತನು ಯಾರಿಗೂ ಕೇಳಬಾರದೆಂಬಂತೆ ಹೇಳುತ್ತಾನೆ, ಎಲ್ಲರಿಗೂ ಕೇಳುತ್ತದೆ. ದುಃಖದ ದಿನಗಳಲ್ಲಿ ಈ ತಟ್ಟೆಯನ್ನು ಹಾಕಿ ಕುಳಿತಾಗ ನನಗೆ ಸಾಂತ್ವನ ದೊರೆಯಿತೆಂದು ಹೇಳಲಾರೆನು. ಆದರೆ ದುಃಖಕ್ಕೆ ಒಂದು ಮರ್ಯಾದೆ ಬಂತು.

ಈ ತಟ್ಟೆಯ ಪ್ರತಾಪಕ್ಕೆ ನನಗಿಂತ ದೊಡ್ಡ ಸಾಕ್ಷಿಯೊಬ್ಬರುಂಟು. ಗದಗಿನ ಬಾಲಕನೊಬ್ಬನು ಅಂಗಡಿಯೊಂದರಲ್ಲಿ ಇದೇ ಠುಮ್ರಿಯನ್ನು ಕೇಳಿ, ಹಾಗೆ ಹಾಡಬೇಕೆಂಬ ಹುಚ್ಚು ಹಿಡಿದು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆಬಿಟ್ಟು ಹೊರಟನು. ಗುರುವನ್ನು ಹುಡುಕುತ್ತ ಗ್ವಾಲಿಯರ್ ಮೊದಲಾದ ಊರುಗಳನ್ನೆಲ್ಲ ಸುತ್ತಿ, ಕೊನೆಗೆ 1936ರ ಸುಮಾರಿಗೆ ಬಂದು ಸೇರಿದುದು ಎಲ್ಲಿಗೆ? ತನ್ನ ಮನೆಯಿಂದ ಅಷ್ಟೇನೂ ದೂರವಲ್ಲದ ಕುಂದಗೋಳಕ್ಕೆ, ಖಾನ್‌ಸಾಹೇಬರ ಶಿಷ್ಯರೇ ಆಗಿದ್ದ ಸವಾಯಿ ಗಂಧರ್ವರ ಬಳಿಗೆ. ಆ ಬಾಲಕನು ಭೀಮಸೇನ ಜೋಶಿ. ಬೇಕಾದುದು ಪಕ್ಕದ ಊರಿನಲ್ಲಿಯೇ ಇತ್ತೆಂಬುದನ್ನು ತಿಳಿಯಲು ಉತ್ತರ ಹಿಂದುಸ್ತಾನವನ್ನು ಸುತ್ತಬೇಕಾಯಿತು. ಆದರೆ ಸುತ್ತುವಂತೆ ಮಾಡಿದುದು ಮೂರು ನಿಮಿಷಗಳ ಒಂದು ತಟ್ಟೆ. ಅಂಗಡಿಯವನು ಅಂದು ಬೇರೆ ತಟ್ಟೆಯನ್ನು ಹಾಕಿದ್ದರೆ ಏನಾಗುತ್ತಿತ್ತೋ!

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳುವುದು ಅವಶ್ಯ. ರಾಗವೆಂಬುದು ಗಂಟೆಗಟ್ಟಲೆ ಅರಳತಕ್ಕ ವಸ್ತು. ಅದನ್ನು ಮೂರು ನಿಮಿಷಕ್ಕೆ ಕತ್ತರಿಸಿ ಡಬ್ಬಿಯಲ್ಲಿ ತುಂಬಿದರೆ ಉಳಿಯುವುದು ಸಿಪ್ಪೆ ಮಾತ್ರವೆಂದು ಹಿರಿಯ ವಿದ್ವಾಂಸರು ಆಗಲೂ ಹೇಳುತ್ತಿದ್ದರು, ಈಗಲೂ ಹೇಳುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ತಟ್ಟೆಯಲ್ಲಿ ತಂಬೂರಿಯು ಬಹಳ ಕಡೆ ಕೇಳಿಸುವುದೇ ಇಲ್ಲ, ವಿಲಂಬಕ್ಕೆ ಅವಕಾಶವಿಲ್ಲ, ಹೊತ್ತು ಮುಗಿಯುವ ಭಯಕ್ಕೆ ತಾನುಗಳು ಅವಸರ ಪಡುತ್ತವೆ. 1925ರ ಬಳಿಕ ವಿದ್ಯುತ್ತಿನ ಸಹಾಯದಿಂದ ಮುದ್ರಿಸುವ ಪದ್ಧತಿ ಬರುವವರೆಗೂ ಗಾಯಕನು ಕಹಳೆಯೊಳಗೆ ಮುಖವಿಟ್ಟು ಕೂಗಬೇಕಾಗಿತ್ತು. ಆದುದರಿಂದ ತಟ್ಟೆಯನ್ನು ಕೇಳಿ ಗಾಯಕನ ಪೂರ್ಣ ಪ್ರತಿಭೆಯನ್ನು ಅಳೆಯತಕ್ಕದ್ದಲ್ಲ. ಅಷ್ಟಾದರೂ ಕಳೆದುಹೋದ ಕಾವ್ಯದ ಒಂದು ಹಾಳೆ ಸಿಕ್ಕಿದಾಗ, ಪೂರ್ಣಗ್ರಂಥವಲ್ಲವೆಂದು ಅದನ್ನು ಒಲೆಗೆ ಹಾಕುವವರುಂಟೇ?

ಎರಡನೆಯದಾಗಿ ನಾನು ಇಟ್ಟುಕೊಂಡಿರುವುದು, 'ಗಾಂಧಾರಿ' ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಹೊರಬಂದ ಹುಬ್ಬಳ್ಳಿಯ ತರುಣಿಯೊಬ್ಬಳ ಮುದ್ರಿಕೆ. ಇವರೇ ಮುಂದೆ ಗಂಗೂಬಾಯಿ ಹಾನಗಲ್ಲರೆಂದು ಲೋಕಪ್ರಸಿದ್ಧರಾದವರು. ತಮ್ಮ ಕೊನೆಯ ದಶಕಗಳಲ್ಲಿ ಅವರನ್ನು ಕೇಳಿದವರಿಗೆ ಈ ತಟ್ಟೆಯನ್ನು ಕೇಳಿಸಿದರೆ ನಂಬುವುದಿಲ್ಲ. ನಾವು ಬಲ್ಲ ಗಂಗೂಬಾಯಿಯವರದು ಗಂಭೀರವಾದ, ಗಂಡುಕಂಠವೆಂದೇ ಹೇಳಬಹುದಾದ ಧ್ವನಿ. ತಟ್ಟೆಯಲ್ಲಿರುವುದೋ ತೆಳ್ಳನೆಯ, ಎತ್ತರದ, ಹುಡುಗಿಯ ಕಂಠ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಬಳಿಕ ಅವರ ಧ್ವನಿಯೇ ಬದಲಾಯಿತು. ಮತ್ತೊಬ್ಬರಾಗಿದ್ದರೆ ಅಲ್ಲಿಗೇ ಹಾಡುವುದನ್ನು ಬಿಡುತ್ತಿದ್ದರೋ ಏನೋ. ಇವರು ಬಂದ ಧ್ವನಿಯನ್ನೇ ಸಾಧಿಸಿ, ಅದರಿಂದಲೇ ಹೊಸ ಗಾಂಭೀರ್ಯವನ್ನು ಗಳಿಸಿಕೊಂಡರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಪಾಠ ಕಲಿತ ಸಂಗತಿಯನ್ನು ಅವರೇ ಹೇಳಿಕೊಂಡಿರುವರು.

1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮಹಾತ್ಮರ ಮುಂದೆ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಇವರೂ ಒಬ್ಬರು. ಹಾಡುವುದಕ್ಕಿಂತ ಹೆಚ್ಚಾಗಿ, ತನ್ನ ಜಾತಿಯ ಕಾರಣದಿಂದ ಊಟದ ಹೊತ್ತಿಗೆ ತನಗೇನಾಗುವುದೋ ಎಂಬ ಅಳುಕು ಅಂದು ತಮ್ಮನ್ನು ಕಾಡುತ್ತಿತ್ತೆಂದು ಅವರು ಮುಂದೆ ನೆನೆದಿರುವರು. ರಾಷ್ಟ್ರೀಯ ಮಹಾಸಭೆಯ ಪೆಂಡಾಲಿನೊಳಗೆ ಹನ್ನೊಂದು ವರ್ಷದ ಹುಡುಗಿಗೆ ಇಂಥ ಅಳುಕು! ವಂಶಪರಂಪರೆಯಿಂದ ಹಾಡುತ್ತ ಬಂದ ಕುಟುಂಬಗಳ ಹೆಣ್ಣುಮಕ್ಕಳನ್ನು ಮನೆಯ ಹೊಸ್ತಿಲ ಒಳಗೆ ಕರೆಯಲು ಹಿಂಜರಿಯುತ್ತಿದ್ದ ಗೃಹಸ್ಥರು, ಅವರ ತಟ್ಟೆಯನ್ನು ನಡುಮನೆಯಲ್ಲಿ ಹಾಕಿ ಕೇಳುತ್ತಿದ್ದರು. ತಟ್ಟೆಗೆ ಮೈಲಿಗೆಯಿರಲಿಲ್ಲವಷ್ಟೆ. ಈ ವಿಪರೀತವನ್ನು ನೆನೆದಾಗ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಆದರೂ ಧ್ವನಿ ಮೊದಲು ಒಳಗೆ ಬಂತು, ವ್ಯಕ್ತಿ ಆಮೇಲೆ ಬಂದರು. ಆ ಮಟ್ಟಿಗೆ ತಟ್ಟೆಯು ಸುಧಾರಕರ ಕೆಲಸವನ್ನೇ ಮಾಡಿತು. 2009ರಲ್ಲಿ ಗಂಗೂಬಾಯಿಯವರು ತೀರಿಕೊಂಡರು. ಆ ಮೊದಲ ಕಂಠವಾದರೋ ಅದಕ್ಕೆ ಎಷ್ಟೋ ದಶಕಗಳ ಮೊದಲೇ ಲೋಕದಿಂದ ಹೋಗಿತ್ತು. ಅದು ಇದ್ದಿತೆಂಬುದಕ್ಕೆ ತಟ್ಟೆಯನ್ನು ಬಿಟ್ಟರೆ ಬೇರೆ ಆಧಾರವಿಲ್ಲ.

ಮಲ್ಲಿಕಾರ್ಜುನ ಮನಸೂರರ ವಿಷಯದಲ್ಲಿ ನನ್ನ ಬಳಿ ಎರಡು ಕಾಲದ ಮುದ್ರಿಕೆಗಳಿವೆ. ಒಂದು ಅವರ ತಾರುಣ್ಯದ ಗೌಡ ಮಲ್ಹಾರ. ಮತ್ತೊಂದು ಬಹುಕಾಲದ ಮೇಲೆ ಬಂದ ದೊಡ್ಡ ತಟ್ಟೆ. ಮೊದಲನೆಯದರಲ್ಲಿ ಮೀರಜಿನ ನೀಲಕಂಠಬುವಾ ಅವರಲ್ಲಿ ಕಲಿತ ಗ್ವಾಲಿಯರ್ ಪದ್ಧತಿಯ ಓಟ. ಎರಡನೆಯದರಲ್ಲಿ ಜಯಪುರ ಘರಾಣೆಯ ಮಂಜೀಖಾನ, ಬುರ್ಜಿಖಾನರಿಂದ ಬಂದ ಹೆಣಿಗೆ. ಒಂದರ ಹಿಂದೆ ಒಂದನ್ನು ಕೇಳಿದರೆ, ಮನುಷ್ಯನು ತನಗೆ ಬಂದ ಜಾಣ್ಮೆಯನ್ನು ಬದಿಗಿಟ್ಟು ಮತ್ತೊಮ್ಮೆ ವಿದ್ಯಾರ್ಥಿಯಾಗುವುದೆಂದರೇನೆಂಬುದು ಕಿವಿಗೇ ತಿಳಿಯುತ್ತದೆ. ಸರಕಾರಿ ಕೆಲಸದಲ್ಲಿರುವ ನನ್ನ ಮಿತ್ರರಿಗೆ ಈ ಎರಡನ್ನೂ ಕೂಡಿಸಿ ಕೇಳಿಸುವುದು ನನ್ನದೊಂದು ಚಟ.

ಆ ಮಂಜೀಖಾನ, ಬುರ್ಜಿಖಾನರ ತಂದೆ ಅಲ್ಲಾದಿಯಾ ಖಾನರಾದರೋ ಯಂತ್ರದ ಮುಂದೆ ಹಾಡಲು ಒಪ್ಪಲಿಲ್ಲ. 1946ರಲ್ಲಿ ಅವರು ತೀರಿಕೊಂಡಾಗ ಅವರ ಕಂಠವೂ ಜೊತೆಗೇ ಹೋಯಿತು. ಈಗ ಆ ಮಹಾಪುರುಷರ ಗಾಯನವನ್ನು ಮನಸೂರರಿಂದ, ಕೇಸರಬಾಯಿ ಕೇರಕರರಿಂದ ಊಹಿಸಿಕೊಳ್ಳಬೇಕಾಗಿದೆ. ಕೇಸರಬಾಯಿಯವರ ಭೈರವಿಯ ಮುದ್ರಿಕೆಯೊಂದು 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್ ನೌಕೆಗಳಲ್ಲಿರುವ ಬಂಗಾರ ಲೇಪದ ತಟ್ಟೆಯಲ್ಲಿ ಸೇರಿ, ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿದೆ. ಅದರ ಉದ್ದವೂ ಮೂರೂವರೆ ನಿಮಿಷವೇ. ಗುರುಗಳ ಧ್ವನಿ ಭೂಮಿಯ ಮೇಲೆಯೇ ಇಲ್ಲ. ಶಿಷ್ಯೆಯದು ನಕ್ಷತ್ರಗಳ ದಾರಿಯಲ್ಲಿದೆ.

ಗೌಹರ್ ಜಾನಳ ತಟ್ಟೆಯನ್ನು ನಾನು ಕೊಂಡದ್ದು ಸಂಗೀತಕ್ಕಿಂತ ಹೆಚ್ಚಾಗಿ ಅದರ ಕೊನೆಯ ಮಾತಿಗಾಗಿ. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುವಳು. ಹ್ಯಾನೋವರಿನ ಕಾರ್ಖಾನೆಯವರಿಗೆ ಯಾರ ತಟ್ಟೆಯೆಂಬುದು ತಿಳಿಯಲೆಂದು ಆಗ ಈ ಕ್ರಮವಿತ್ತಂತೆ. ಕಾರ್ಖಾನೆಯ ಅನುಕೂಲಕ್ಕಾಗಿ ಹೇಳಿದ ಆ ನಾಲ್ಕು ಮಾತುಗಳಲ್ಲಿ ಎಂಥ ಠೀವಿ! ಭಾರತದಲ್ಲೆಲ್ಲ ಹೆಸರಾಗಿದ್ದ ಈ ಗಾಯಕಿ 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದಳು.

ಅರಗಿನ ತಟ್ಟೆಗಳ ಕಾಲವು ನಮ್ಮ ದೇಶದಲ್ಲಿ ಸುಮಾರು 1970ಕ್ಕೆ ಮುಗಿಯಿತು. ಬಳಿಕ ಬಂದವುಗಳಲ್ಲಿಯೂ ನನಗೆ ಪ್ರಿಯವಾದವು ಇಲ್ಲದಿಲ್ಲ. ಭೀಮಸೇನರು ಹಿಂದುಸ್ತಾನೀ ಧಾಟಿಯಲ್ಲಿ ಹಾಡಿದ ದಾಸರ ಪದಗಳು ನಮ್ಮ ಮನೆಗಳ ಹಬ್ಬಗಳಿಗೆ ಅಂಗವೇ ಆಗಿಬಿಟ್ಟಿವೆ; ಕಾಳಿಂಗರಾಯರ ಕಂಠದಿಂದ ನವೋದಯದ ಕವಿತೆ ಪುಸ್ತಕವನ್ನು ಬಿಟ್ಟು ಬೀದಿಗಿಳಿಯಿತು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹೊಂದಿಸಿದ 'ನಿತ್ಯೋತ್ಸವ'ವು ಸುರುಳಿಯ ರೂಪದಲ್ಲಿ ಹೊರಬಂದಾಗ, ಓದು ಬರಹ ಬಾರದವರ ಬಾಯಲ್ಲಿಯೂ ಆಧುನಿಕ ಕನ್ನಡ ಕವಿಯೊಬ್ಬನ ಮಾತು ನೆಲೆಸಿತು. ನಾಡು 1956ರಲ್ಲಿ ಒಂದಾಯಿತು. ಆದರೆ ಬೀದರದವನೂ ಕೊಡಗಿನವನೂ ಒಂದೇ ಹಾಡನ್ನು ಗುನುಗುವಂತೆ ಮಾಡಿದುದರಲ್ಲಿ ಇಂಥ ಸುರುಳಿಗಳ ಪಾಲು ಸಣ್ಣದಲ್ಲ.

ಹಲವು ಹಾಡುಗಳ ಒಂದು ಗುಚ್ಛಕ್ಕೆ ಈಗ ಎಲ್ಲರೂ ಆಲ್ಬಮ್ ಎನ್ನುವರು. ಈ ಮಾತು ಹುಟ್ಟಿದುದು ಅರಗಿನ ತಟ್ಟೆಗಳ ಕಾಲದಲ್ಲಿ. ದೀರ್ಘವಾದ ಕೃತಿಯೊಂದಕ್ಕೆ ಐದಾರು ತಟ್ಟೆಗಳು ಬೇಕಾಗುತ್ತಿದ್ದುದರಿಂದ, ಅವುಗಳನ್ನು ಭಾವಚಿತ್ರಗಳ ಪುಸ್ತಕದಂತೆ ರಟ್ಟು ಕಟ್ಟಿದ ಚೀಲಗಳಲ್ಲಿ ಜೋಡಿಸಿ ಕೊಡುತ್ತಿದ್ದರು. ಅಂಥ ಸಂಪುಟಗಳ ಚರಿತ್ರೆಯಲ್ಲಿ ಮೈಸೂರಿನ ಹೆಸರು ಸೇರಿರುವುದು ಬಹುಮಂದಿಗೆ ತಿಳಿಯದು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರನು ಲಂಡನ್ನಿನಲ್ಲಿ ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ದಿನ ಕಳೆಯುತ್ತಿರುವಾಗ, 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರವರು ಅವನ ಹೆಸರಿನಲ್ಲಿ ಒಂದು ಸಂಘವನ್ನು ಏರ್ಪಡಿಸಿ, ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ತಟ್ಟೆಗಳ ಸಂಪುಟಗಳಾಗಿ ಹೊರಡಿಸಲು ಧನಸಹಾಯ ಮಾಡಿದರು. ಕೃತಜ್ಞನಾದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ಅವನು ತೀರಿಕೊಂಡನು. ಪರದೇಶದ ಕಲಾವಿದನಿಗೆ ತೋರಿದ ಈ ಔದಾರ್ಯವು ನಮಗೆ ಹೆಮ್ಮೆಯ ವಿಷಯವೇ. ಅರಮನೆಯೊಂದು ಮಾಡಿದುದನ್ನು, ಅದಕ್ಕಿಂತ ನೂರುಪಟ್ಟು ಸಂಪನ್ನವಾದ ಪ್ರಜಾಸರಕಾರವು ನಮ್ಮ ನಾಡಿನ ಕಂಠಗಳಿಗಾಗಿ ಏಕೆ ಮಾಡಬಾರದೆಂಬ ಪ್ರಶ್ನೆ ಮಾತ್ರ ಅದರ ಬೆನ್ನಿಗೇ ಏಳುತ್ತದೆ.

ನಮ್ಮ ಕಾಯಿದೆಯನ್ನು ನೋಡಿರಿ. 1954ರ ಕೇಂದ್ರ ಶಾಸನದಂತೆ ಪ್ರಕಾಶಕರು ತಾವು ಅಚ್ಚು ಹಾಕಿದ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಮಾಡಿದ ಇತರ ಗ್ರಂಥಾಲಯಗಳಿಗೂ ಒಪ್ಪಿಸಬೇಕು. ಪುಸ್ತಕವೆಂಬ ಪದದ ವ್ಯಾಖ್ಯೆಯಲ್ಲಿ ಅಚ್ಚಾದ ಭೂಪಟವೂ ಸೇರಿದೆ, ಅಚ್ಚಾದ ಸ್ವರಲಿಪಿಯ ಹಾಳೆಯೂ ಸೇರಿದೆ. ಆ ಸ್ವರಗಳನ್ನು ಹಾಡಿದ ಕಂಠದ ಮುದ್ರಿಕೆ ಮಾತ್ರ ಸೇರಿಲ್ಲ! ಫ್ರಾನ್ಸಿನಂಥ ದೇಶಗಳಲ್ಲಿ ಮುದ್ರಿಕೆಗಳನ್ನೂ ಕಡ್ಡಾಯವಾಗಿ ಒಪ್ಪಿಸುವ ನಿಯಮವುಂಟು. ನಿಯಮವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತೀ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಉಳಿದಿಲ್ಲ.

ಹಕ್ಕಿನ ಅಡ್ಡಿಯಿದೆಯೆಂದು ಹೇಳುವ ಅಧಿಕಾರಿಗಳಿಗೂ ಉತ್ತರವಿದೆ. ನಮ್ಮ ಕೃತಿಸ್ವಾಮ್ಯದ ಶಾಸನದಂತೆ ಧ್ವನಿಮುದ್ರಿಕೆಯ ಮೇಲಿನ ಹಕ್ಕು, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳಿಗೆ ತೀರುತ್ತದೆ. ಗೀತೆಯನ್ನು ರಚಿಸಿದ ಕವಿಯ ಹಕ್ಕು ಬೇರೆ. ಅದನ್ನು ವಿಚಾರಿಸಿಯೇ ಮುಂದುವರಿಯಬೇಕು. ಆದರೆ ಸಾಂಪ್ರದಾಯಿಕ ಚೀಜುಗಳು, ದಾಸರ ಪದಗಳು, ವಚನಗಳು ಇವುಗಳಿಗೆ ಆ ತೊಡಕೂ ಇಲ್ಲ. ಅರಗಿನ ತಟ್ಟೆಗಳಲ್ಲಿ ಅತ್ಯಧಿಕ ಭಾಗವು ಈಗ ಸಾರ್ವಜನಿಕರ ಸೊತ್ತು. ಸೊತ್ತಿಗೆ ಒಡೆಯರುಂಟು, ಕಾಯುವವರಿಲ್ಲ.

ಈಗ ಈ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತಿರುವವರು ಖಾಸಗಿ ಸಂಗ್ರಾಹಕರು. ಅವರ ಶ್ರದ್ಧೆಗೆ ನಮಸ್ಕಾರ. ಅಂತರ್ಜಾಲದಲ್ಲಿ ಹರಿದಾಡುವ ಪ್ರತಿಗಳಲ್ಲಿ ಮಾತ್ರ ಎಷ್ಟೋ ವೇಳೆ ತಟ್ಟೆಯ ಸಂಖ್ಯೆಯಿಲ್ಲ, ಕಾಲವಿಲ್ಲ, ಪಕ್ಕವಾದ್ಯದವರ ಹೆಸರಿಲ್ಲ. ಮೊದಮೊದಲ ತಟ್ಟೆಗಳ ವೇಗವು ಎಲ್ಲವೂ ಸರಿಯಾಗಿ 78 ಆಗಿರಲಿಲ್ಲವೆಂಬುದನ್ನು ಮರೆತು ಯಾವುದೋ ವೇಗದಲ್ಲಿ ತಿರುಗಿಸಿದರೆ, ಶ್ರುತಿಯೇ ಏರಿ ಗಾಯಕನು ಬೇರೊಬ್ಬನಾಗಿಬಿಡುವನು. ಕರಕರ ಶಬ್ದವನ್ನು ತೊಳೆಯುವ ಉತ್ಸಾಹದಲ್ಲಿ ಧ್ವನಿಯ ಕೊನೆಯ ಎಳೆಯನ್ನೂ ತೊಳೆದುಬಿಡುವವರುಂಟು. ಖಾನ್‌ಸಾಹೇಬರ ಸ್ವರದ ಕೊನೆಯಲ್ಲಿ ಆ ಎಳೆಯೇ ಎಲ್ಲ! ಇದನ್ನು ಬಲ್ಲವರನ್ನು ಕೂಡಿಸಿ, ವಿಶ್ವವಿದ್ಯಾಲಯವಾಗಲಿ ಸಂಸ್ಕೃತಿ ಇಲಾಖೆಯಾಗಲಿ ಧಾರವಾಡದಲ್ಲೊಂದು ಮೈಸೂರಿನಲ್ಲೊಂದು ಧ್ವನಿಭಂಡಾರವನ್ನು ಸ್ಥಾಪಿಸತಕ್ಕದ್ದು. ಪ್ರತಿ ತಾಲೂಕಿನ ಗ್ರಂಥಪಾಲರು ತಮ್ಮ ಊರಿನ ಮನೆಗಳಲ್ಲಿರುವ ತಟ್ಟೆಗಳ ಪಟ್ಟಿಯನ್ನು ಬರೆದು ಕಳುಹಿಸುವಂತೆ ಒಂದು ಸುತ್ತೋಲೆ ಹೊರಟರೂ ಅರ್ಧ ಕೆಲಸವಾದಂತೆ. ಅದಕ್ಕೆ ತಗಲುವ ವೆಚ್ಚ ಅಂಚೆಯದು ಮಾತ್ರ.

ಸುತ್ತೋಲೆ ಹೊರಡುವವರೆಗೆ ವಾಚಕರು ತಮ್ಮ ಅಟ್ಟಗಳನ್ನು ನೋಡಿಕೊಳ್ಳಬಹುದು. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು; ಬಿಸಿಲು ತಗುಲಿದರೆ ಸೊಟ್ಟಗಾಗುವುವು, ಕೈಜಾರಿದರೆ ಗಾಜಿನಂತೆ ಒಡೆಯುವುವು. ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಸ್ಪಿರಿಟ್ಟಿನಿಂದ ಎಂದಿಗೂ ಒರೆಸಕೂಡದು, ಅರಗು ಅದರಲ್ಲಿ ಕರಗುತ್ತದೆ. ನಡುವಿನ ಕಾಗದದ ಹತ್ತಿರ ಅರಗಿನಲ್ಲಿಯೇ ಕೊರೆದಿರುವ ಸಣ್ಣ ಅಂಕಿಗಳನ್ನು ಬರೆದಿಟ್ಟುಕೊಳ್ಳಿರಿ. ಕಾಗದ ಹರಿದುಹೋದ ತಟ್ಟೆಯ ಗಾಯಕರಾರೆಂಬುದನ್ನು ಪತ್ತೆಹಚ್ಚಲು ಆ ಅಂಕಿಗಳೇ ದಾರಿ. ನನ್ನಲ್ಲಿ ಅಂಥದೊಂದು ತಟ್ಟೆಯಿದೆ. ಹಾಡುವಾಕೆ ಕನ್ನಡದಲ್ಲಿ ಹಾಡುವಳು, ರಾಗ ಕಾಪಿ, ಕಂಠ ಇಪ್ಪತ್ತರ ಆಚೆಯದಲ್ಲ. ಅಂಕಿಗಳು ಅರ್ಧ ಸವೆದಿವೆ. ಕೊನೆಯ ನಾಲ್ಕು 2, 7, 1, 4. ಹಳೆಯ ಪಟ್ಟಿಗಳನ್ನು ಇಟ್ಟುಕೊಂಡವರು ಯಾರಾದರೂ ಇದ್ದರೆ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಪ್ರಾರ್ಥನೆ.